ಹದಿನಾಲ್ಕು ಮರಿ, ಹತ್ತು ತೊಟ್ಟು

ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಉದ್ದ ಬೆನ್ನಿನ ಹೆಣ್ಣುಹಂದಿ ಹದಿನಾಲ್ಕು ಮರಿ ಹಾಕಿದೆ. ನಾಲ್ಕು ಸಲ ಎಣಿಸಿದೆ, ಹದಿನಾಲ್ಕೇ! ಬಿಳಿ ತಳಿಯ ಗಂಡುಹಂದಿಯನ್ನು ತಂದು ಇದಕ್ಕೆ ಕೂಡಿಸಿದ್ದು ನಾನು. ಮರಿ ಜಾಸ್ತಿ ಆಗುತ್ತವೆ, ಬೇಗ ಬೆಳೆಯುತ್ತವೆ ಎಂದು ಎರಡು ವರ್ಷ ಮನೆಯವರ ತಲೆ ತಿಂದದ್ದೂ ನಾನೇ.

ಅತ್ತೆ ಮಾತ್ರ ಖಡಾಖಂಡಿತವಾಗಿ ಹೇಳಿದ್ದರು. "ಒಂದು ಮರಿ ಸತ್ರೂ ಆ ಬಿಳಿಯವನು ವಾಪಸ್ ಹೋಗ್ತಾನೆ. ನನ್ನ ಕರಿ ಹಂದಿ ಆರೇ ಹಾಕ್ಲಿ, ಆರೂ ಉಳೀತವೆ."

ಮರಿ ಎಣಿಸಿದ ಈ ಬುದ್ಧಿವಂತೆ ಸೊಸೆ ತಾಯಿಹಂದಿಯ ತೊಟ್ಟು ಎಣಿಸಿರಲಿಲ್ಲ. ಬೆನ್ನಿನ ಉದ್ದ ನೋಡಿದೆ, ಕಾಲಿನ ಗಟ್ಟಿತನ ನೋಡಿದೆ, ಹೊಟ್ಟೆಯ ಕೆಳಗೆ ಬಗ್ಗಿ ನೋಡಲಿಲ್ಲ. ಹನ್ನೆರಡು ತೊಟ್ಟಿನಲ್ಲಿ ಎರಡಕ್ಕೆ ಹಾಲೇ ಇಲ್ಲ. ಹಂದಿಮರಿಗಳೋ, ಹಿಡಿದ ತೊಟ್ಟನ್ನು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ನಾಲ್ಕು ಹೊರಗುಳಿದವು. ಒಂದು ಆಗಲೇ ನಡುಗುತ್ತಿತ್ತು. ಸೀಸೆಯಲ್ಲಿ ಹಾಲು ಕುಡಿಸಿದೆ, ಕಕ್ಕಿತು.

ಪಕ್ಕದ ದೊಡ್ಡಿಯಲ್ಲಿ ಅತ್ತೆಯ ಕರಿ ಹಂದಿ ನಿನ್ನೆ ತಾನೇ ಆರು ಮರಿ ಹಾಕಿ ಆರಾಮಾಗಿ ಮಲಗಿತ್ತು. ಕೇಳಲೋ, ಬೇಡವೋ? ಅತ್ತೆಯ ಬಾಗಿಲ ತನಕ ಹೋಗಿ ತಿರುಗಿ ಬಂದೆ. ಮತ್ತೆ ಹೋದೆ. ಥೂ, ನನ್ನ ಸೊಕ್ಕಿಗಿಷ್ಟು!

"ಅತ್ತೆ, ನಾಲ್ಕಕ್ಕೆ ಹಾಲಿಲ್ಲ," ಎಂದೆ.

ಅವರು ನೇರ ದೊಡ್ಡಿಗೆ ಬಂದರು. ಕರಿಯವಳ ಹಾಸಿನ ಹುಲ್ಲಿನಿಂದ ನಾಲ್ಕನ್ನೂ ಉಜ್ಜಿ, ಅವಳ ಮರಿಗಳ ಜೊತೆ ಒಂದೇ ಬುಟ್ಟಿಗೆ ಹಾಕಿದರು. ವಾಸನೆ ಒಂದಾಗಬೇಕಲ್ಲ. ಅರ್ಧ ಗಂಟೆ ನಾನು ಅತ್ತಿಂದಿತ್ತ ಸುತ್ತಿದೆ.

"ಒಂದ್ಕಡೆ ನಿಂತ್ಕೋಬಾರ್ದೇನೇ? ನಿನ್ನ ನೋಡಿ ಇವಳೂ ಎದ್ದು ಸುತ್ತುತ್ತಾಳೆ."

ಮರಿಗಳನ್ನು ಬಿಟ್ಟರು. ಕರಿಯವಳು ಮೂಸಿದಳು, ಗುರುಗುಟ್ಟಿದಳು. ಆಮೇಲೆ ಮಗ್ಗುಲಿಗೆ ಹೊರಳಿ ಹೊಟ್ಟೆ ಕೊಟ್ಟಳು. ಹತ್ತೂ ಮರಿಗಳು ಅಂಟಿಕೊಂಡವು. ನಡುಗುತ್ತಿದ್ದದ್ದೂ ಚೀಪತೊಡಗಿತು. ನನಗೆ ಅಳುವೇ ಬಂತು.

"ಇನ್ನೂ ಎರಡು ತೊಟ್ಟಿಗೆ ಮರಿನೇ ಇಲ್ಲ," ಎಂದರು ಅತ್ತೆ. "ಹನ್ನೆರಡರಲ್ಲೂ ಹಾಲಿದೆ. ಆ ಬಿಳಿಯವನನ್ನ ತಂದಾಗ ಇವಳನ್ನ ಒಂದ್ಸಲನಾದ್ರೂ ನೋಡಿದ್ಯಾ?"

ನೋಡಿರಲಿಲ್ಲ. ಹಳೇ ಕಾಲದ್ದು ಎಂದು ದಾಟಿ ಹೋಗಿದ್ದೆ. "ಇಲ್ಲ ಅತ್ತೆ, ತಪ್ಪಾಯ್ತು," ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅತ್ತೆ ಸೊಂಟ ಹಿಡಿದುಕೊಂಡು ಎದ್ದರು. "ಈ ಮರಿಗಳು ಹಾಲು ಬಿಟ್ಮೇಲೆ ಅವನನ್ನ ಇವಳ ಹತ್ರ ಬಿಡು. ಆ ಸಲ ಎಣಿಸೋದು ನಾನು."