ಭೂತಗನ್ನಡಿಯಲ್ಲಿ ಕಂಡ ಭೂತ

ಬಟ್ಟೆ ಹೊಲಿಯುವ ಮನೆಯಲ್ಲಿ ಬಿಳಿ ಪುಡಿ ಕಂಡರೆ ಯಾರೂ ಹೆದರುವುದಿಲ್ಲ. ಗೀಟು ಹಾಕುವ ಸೀಮೆಸುಣ್ಣದ್ದೇ ಅಂದುಕೊಂಡು ಕೊಡವಿ ಸುಮ್ಮನಾಗುತ್ತಾರೆ. ನಮ್ಮ ಟೈಲರ್ ಮಾಸ್ಟರೂ ಮೊದಮೊದಲು ಹಾಗೇ ಸುಮ್ಮನಿದ್ದರು. ಅವರದು ಕರಿ ಕೋಟು ಹೊಲಿಯುವ ಕೆಲಸ. ಕರಿ ಬಟ್ಟೆ ಅಂದರೆ ಚಾಡಿಕೋರ ಇದ್ದ ಹಾಗೆ, ಮೇಲೊಂದು ನೂಲು ಬಿದ್ದರೂ ಊರಿಗೆಲ್ಲ ಹೇಳಿಬಿಡುತ್ತದೆ.

ಒಂದು ದಿನ ವಕೀಲರೊಬ್ಬರು ಹೊಸ ಕೋಟನ್ನು ವಾಪಸು ತಂದರು.

"ಏನ್ ಮಾಸ್ಟ್ರೇ ಇದು? ನನ್ನ ತಲೇಲಿ ಕೂದಲೇ ಇಲ್ಲ, ನೀವು ನೋಡಿದ್ರೆ ಕೋಟಿಗೇ ತಲೆಹೊಟ್ಟು ಬರಿಸಿದೀರಲ್ಲ!"

ಮಾಸ್ಟರು ನಕ್ಕು, ಬ್ರಶ್ ಆಡಿಸಿ ಕೊಟ್ಟು ಕಳಿಸಿದರು. ಸೀಮೆಸುಣ್ಣ ಬದಲಾಯಿಸಿದರು. ಮೇಜು ತೊಳೆದರು. ಪುಡಿ ನಿಲ್ಲಲಿಲ್ಲ. ಅವರ ನಗು ನಿಂತದ್ದು ಮಾತ್ರ ಕಿಟಕಿ ಪಕ್ಕದ ಸ್ಟೂಲನ್ನು ನೋಡಿದ ಮೇಲೆ.

ಆ ಗಿಡ್ಡ ಸ್ಟೂಲಿನ ಮೇಲೆ ಕೂತು ಅವರ ಹೆಂಡತಿ ಕಾಜಾ ಹೊಲಿಯುತ್ತಿದ್ದಳು, ಗುಂಡಿ ಹಾಕುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಕರಿ ಚೂರುಗಳನ್ನು ಕೂಡಿಸಿ ಅವಳೇ ಹೊಲಿದ ದಿಂಬು ಮೇಲೆ ಹಾಗೇ ಇತ್ತು. ಸಂಜೆ ಮನೆ ಮುಂಗಡೆಯ ಅಂಗಡಿ ಮುಚ್ಚುವಾಗ ಮಾಸ್ಟರು ಅದನ್ನು ಕೊಡವಿ, ಉಬ್ಬಿಸಿ ಇಡುತ್ತಿದ್ದರು. ಬೆಳಗ್ಗೆ ಬಾಗಿಲು ತೆಗೆದರೆ ದಿಂಬಿನ ನಡುವೆ ತಗ್ಗು, ತಗ್ಗಿನ ತುಂಬ ಬಿಳಿ ಪುಡಿ. ಕೈಯಿಟ್ಟರೆ ಬೆಚ್ಚಗೆ. ಯಾರೋ ಈಗಷ್ಟೇ ಎದ್ದು ಹೋದ ಹಾಗೆ.

ಹಾಗೆ ಎದ್ದು ಹೋದವರನ್ನು ಕಂಡಂತೆ ಇದ್ದದ್ದು ಮಸಿ ಒಂದೇ. ಮಸಿ ಅಂದರೆ ಹೆಂಡತಿ ಸಾಕಿದ ಕರಿ ಬೆಕ್ಕು. ವಯಸ್ಸಾಗಿ ಮೈ ಬಂದಿತ್ತು. ಮಿಷನ್ನಿನ ಕೆಳಗೆ ಕೂತು ಆ ಸ್ಟೂಲನ್ನೇ ದಿಟ್ಟಿಸುತ್ತಿತ್ತು. ಒಮ್ಮೊಮ್ಮೆ, ಕಾಣದ ಕೈಯೊಂದು ಸವರಿದ ಹಾಗೆ ಅದರ ಬೆನ್ನಿನ ಚರ್ಮ ಅಲೆಅಲೆಯಾಗಿ ನಡುಗುತ್ತಿತ್ತು. ತಟ್ಟನೆ ಹಿಂದಕ್ಕೆ ತಿರುಗಿ, ಏನೂ ಇಲ್ಲದ ಕಡೆ ಹಲ್ಲು ಕಿರಿಯುತ್ತಿತ್ತು.

"ಅವಳೇ ಕಣೋ ಬರ್ತಿರೋದು" ಅಂದಳು ಅಕ್ಕ. ಮಾಸ್ಟರ ಅಕ್ಕ, ತಮ್ಮನಿಗೆ ಬೇಯಿಸಿ ಹಾಕಲು ಬಂದು ಜೊತೆಗೇ ಉಳಿದವಳು. "ಬೆಕ್ಕಿನ ಕಣ್ಣಿಗೆ ಎಲ್ಲ ಕಾಣುತ್ತಂತೆ. ಅದನ್ನ ನೋಡೋಕೇ ಬರ್ತಿದಾಳೆ. ಬಂದವಳು ಸುಮ್ಮನಾದ್ರೂ ಹೋಗ್ತಾಳಾ? ಇಲ್ನೋಡು!"

ಸೆರಗು ಸರಿಸಿ ತೋಳು ತೋರಿಸಿದಳು. ಕೆಂಪು ಕೆಂಪು ಗುಳ್ಳೆ. "ಹೊಟ್ಟೆ ಮೇಲೂ ಇದೆ. ಇದ್ದಾಗ ನಾಲಿಗೇಲಿ ಚುಚ್ತಿದ್ಲು, ಈಗ ಬಂದು ಉಗುರಲ್ಲಿ ಗಿಂಡ್ತಿದಾಳೆ!"

"ಸುಮ್ನಿರಕ್ಕ. ಸೊಳ್ಳೆ ಇರಬೇಕು."

"ಸೊಳ್ಳೆ ನಿನ್ನನ್ಯಾಕೆ ಬಿಟ್ಟಿತು? ನಿನ್ನ ರಕ್ತ ಏನು ಕಹೀನಾ?"

ಮಾಸ್ಟರು ತಮ್ಮ ತೋಳು ನೋಡಿಕೊಂಡರು. ಅವರ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಅವಳೇ ಬರುವುದಾದರೆ ತನ್ನನ್ನೇಕೆ ಮುಟ್ಟುತ್ತಿಲ್ಲ ಎಂಬ ಯೋಚನೆ ಬಂತು.

ಅದೇ ಮಧ್ಯಾಹ್ನ ಮಾಸ್ಟರು ಮೇಜಿನ ಮೇಲೆ ಕರಿ ಬಟ್ಟೆ ಹಾಸಿ ತೋಳಿಗೆ ಗೀಟು ಎಳೆದರು. ಬೀದಿಯಲ್ಲಿ ಸದ್ದಿರಲಿಲ್ಲ. ಕತ್ತರಿ ತೆಗೆದುಕೊಂಡು ಬಗ್ಗಿದರು. ಗೀಟಿನ ಪಕ್ಕದಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ಕಿರುಬೆರಳಿಂದ ಸರಿಸಲು ಹೋದರು. ಬೆರಳು ಮುಟ್ಟುವ ಮೊದಲೇ ಚುಕ್ಕೆ ಸರಿಯಿತು.

ಗಾಳಿ ಇರಬೇಕೆಂದು ಉಸಿರು ಬಿಗಿಹಿಡಿದರು. ಚುಕ್ಕೆ ನಿಂತಿತು. ಮತ್ತೆ ನಡೆಯಿತು. ಗೀಟು ದಾಟಿ, ನಿಧಾನಕ್ಕೆ, ಎಲ್ಲಿಗೆ ಹೋಗಬೇಕೆಂದು ಗೊತ್ತಿರುವ ಹಾಗೆ ಮೇಜಿನ ಅಂಚಿನ ಕಡೆ ಹೊರಟಿತು. ಅದರ ಹಿಂದೆ ಇನ್ನೊಂದು ಚುಕ್ಕೆ.

ಕತ್ತರಿ ಕೈಜಾರಿ ಬಿತ್ತು. ಅಕ್ಕ ಓಡಿಬಂದು ನೋಡಿದಳು. ಸೀದಾ ಹಿತ್ತಲಿಗೆ ಹೋದಳು. ಬಕೆಟ್ಟಿನ ಸದ್ದು ಕೇಳಿತು, ಆಮೇಲೆ ಫಿನೈಲಿನ ವಾಸನೆ ಮೂಗಿಗೆ ಅಡರಿತು.

"ಬೆಕ್ಕನ್ನ ಇದರಲ್ಲಿ ಅದ್ದಿ ತೆಗೀತೀನಿ. ಆಮೇಲೆ ಚೀಲಕ್ಕೆ ಹಾಕಿ ದೂರ ಬಿಟ್ಟು ಬಾ. ಬೆಕ್ಕಿಲ್ಲದಿದ್ರೆ ಅವಳೂ ಬರಲ್ಲ."

"ಅದು ಅವಳ ಬೆಕ್ಕು ಅಕ್ಕ!"

"ಅದಕ್ಕೇ ಕಣೋ ಹೇಳ್ತಿರೋದು!" ಅಂದಳು ಅಕ್ಕ. ಮಿಷನ್ನಿನ ಕೆಳಗಿಂದ ಮಸಿಯನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡಳು.

ಆ ಮನೆಯಲ್ಲಿ ತನ್ನನ್ನು ಬಿಟ್ಟರೆ ಹೆಂಡತಿಯ ಕೈಯನ್ನು ಬಲ್ಲ ಜೀವ ಇನ್ನು ಉಳಿದದ್ದು ಅದೊಂದೇ. ಮಾಸ್ಟರು ಬಾಗಿಲಿಗೆ ಅಡ್ಡ ನಿಂತರು. ಅಷ್ಟರಲ್ಲಿ ಹೊರಗಿಂದ ದನಿ ಕೇಳಿತು. "ಮಾಸ್ಟ್ರೇ, ನನ್ನ ಕೋಟಿನ ಜೇಬು ಹೊಲಿದಾಯ್ತಾ?"

ಬಂದವರು ಪ್ರಾಣಿಗಳ ಡಾಕ್ಟ್ರಮ್ಮ. ಫಿನೈಲಿನ ವಾಸನೆಗೆ ಮೂಗು ಅರಳಿಸಿದರು, ಬಕೆಟ್ ನೋಡಿದರು, ಅಕ್ಕನ ಕಂಕುಳಲ್ಲಿ ಒದ್ದಾಡುತ್ತಿದ್ದ ಮಸಿಯನ್ನು ನೋಡಿದರು.

"ಅಯ್ಯೋ, ಇಳಿಸಿ ಅಕ್ಕಾ ಅದನ್ನ! ಬೆಕ್ಕು ಮೈ ನೆಕ್ಕೋ ಪ್ರಾಣಿ. ಫಿನೈಲು ಮೈಗೆ ಹಾಕಿದ್ರೆ ಹೊಟ್ಟೆಗೆ ಹಾಕಿದ ಹಾಗೇ. ಸತ್ತುಹೋಗುತ್ತೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಲ್ಲ ನೀವು!"

"ಇದು ಉಗುರಲ್ಲಿ ಹೋಗೋದಲ್ಲ ಡಾಕ್ಟ್ರಮ್ಮ, ಉಗುರಲ್ಲಿ ಗಿಂಡೋದು" ಅಂದು ಅಕ್ಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಡಾಕ್ಟ್ರಮ್ಮ ನಗಲಿಲ್ಲ. ಮಸಿಯನ್ನು ಕರಿ ಬಟ್ಟೆಯ ಮೇಲೆ ಕೂರಿಸಿ, ಸಣ್ಣ ಹಲ್ಲಿನ ಬಾಚಣಿಗೆ ಕೇಳಿ, ಬಾಲದ ಬುಡದಿಂದ ಬೆನ್ನಿನುದ್ದಕ್ಕೂ ಕೂದಲು ಎತ್ತಿ ಎತ್ತಿ ಬಾಚಿದರು. ಬಿಳಿ ಹೊಟ್ಟು ಹಿಟ್ಟು ಜರಡಿ ಹಿಡಿದ ಹಾಗೆ ಉದುರಿತು. ಬೆಕ್ಕನ್ನು ಪಕ್ಕಕ್ಕಿಟ್ಟು, ಚೀಲದಿಂದ ಒಂದು ಗಾಜು ತೆಗೆದರು.

"ಅದೇನದು?"

"ಭೂತಗನ್ನಡಿ."

ಅಕ್ಕ ತಮ್ಮನ ಕೈ ಹಿಡಿದುಕೊಂಡಳು. "ಕೇಳಿದ್ಯಾ? ನಾನು ಹೇಳಲಿಲ್ವಾ?"

"ಬನ್ನಿ, ನಿಮ್ಮ ಭೂತಾನ ನೀವೇ ನೋಡಿ."

ಮಾಸ್ಟರು ಒಂದು ಕಣ್ಣು ಮುಚ್ಚಿ ಬಗ್ಗಿದರು. ಗಾಜಿನೊಳಗೆ ಹೊಟ್ಟಿನ ಚೂರೊಂದು ದೊಡ್ಡ ಚಪ್ಪಡಿಯ ಹಾಗೆ ಕಂಡಿತು. ಚಪ್ಪಡಿ ಅಲುಗಿತು. ಅಡಿಯಿಂದ ಮಸುಕು ಬಿಳುಪಿನ ಕಾಲುಗಳು ಹೊರಬಂದವು. ಮಾಸ್ಟರಿಗೆ ಭೂತವೇ ವಾಸಿ ಅನ್ನಿಸಿತು.

"ಇದೊಂದು ಥರದ ನುಸಿ. ಬೀದಿ ಬೆಕ್ಕಿಂದಲೋ ನಾಯಿಯಿಂದಲೋ ಹತ್ತಿರುತ್ತೆ. ಹೊಟ್ಟಿನ ಕೆಳಗೆ ಓಡಾಡುತ್ತೆ, ನೋಡೋರಿಗೆ ಹೊಟ್ಟೇ ನಡೆದ ಹಾಗೆ ಕಾಣುತ್ತೆ. ಕಡಿತಕ್ಕೆ ಬೆಕ್ಕಿನ ಚರ್ಮ ನಡುಗುತ್ತೆ, ತಿರುಗಿ ತಿರುಗಿ ನೋಡುತ್ತೆ. ರಾತ್ರಿ ಅದು ಮಲಗೋದೆಲ್ಲಿ?"

ಇಬ್ಬರೂ ಸ್ಟೂಲಿನ ಕಡೆ ನೋಡಿದರು. ರಾತ್ರಿಯೆಲ್ಲ ಆ ದಿಂಬಿನ ಮೇಲೆ ಮಲಗಿ, ಮಾಸ್ಟರು ಬೀಗ ತೆಗೆಯುವ ಸದ್ದಿಗೆ ಇಳಿದು ಮಿಷನ್ನಿನ ಕೆಳಗೆ ಸೇರುತ್ತಿತ್ತು ಕಳ್ಳ ಬೆಕ್ಕು.

"ಹಾಗಾದ್ರೆ ನನ್ನ ಮೈಮೇಲಿನ ಗುಳ್ಳೆ?" ಅಕ್ಕ ಸೋಲುವವಳಲ್ಲ.

"ಅದೂ ಇದೇ ನುಸಿ. ಮನುಷ್ಯರ ಮೈಯಲ್ಲಿ ತುಂಬ ದಿನ ಬದುಕಲ್ಲ, ಕಚ್ಚಿ ಹೋಗುತ್ತೆ." ಡಾಕ್ಟ್ರಮ್ಮ ಅವಳ ತೋಳನ್ನು ಬೆಳಕಿಗೆ ಹಿಡಿದರು. "ತೋಳ ಒಳಗಡೆ, ಹೊಟ್ಟೆ ಮೇಲೆ... ಇಲ್ಲೆಲ್ಲ ಬರೋದು ಬೆಕ್ಕನ್ನ ಎದೆಗವಚಿಕೊಂಡು ಮುದ್ದಾಡೋರಿಗೆ ಅಕ್ಕಾ."

ಮಾಸ್ಟರು ಅಕ್ಕನ ಕಡೆ ತಿರುಗಿದರು. 'ಆ ದರಿದ್ರ ಬೆಕ್ಕು' ಅನ್ನದೆ ಅಕ್ಕ ಅದರ ಹೆಸರು ಹೇಳಿದ್ದನ್ನು ಅವರು ಎಂದೂ ಕೇಳಿರಲಿಲ್ಲ.

"ಮಧ್ಯಾಹ್ನ ನೀನು ಮಿಷನ್ ತುಳೀತಿರ್ತೀಯಾ" ಅಂದಳು ಅಕ್ಕ, ನೆಲ ನೋಡುತ್ತ. "ಒಳಗೆ ನಾನೊಬ್ಬಳೇ. ಅದೂ ಒಂಟಿ. ಏನೋ ಬಂದು ಪಕ್ಕ ಮಲಗ್ತಿತ್ತು."

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ ಆಯ್ತಲ್ಲ ಅಕ್ಕ ನಿಂದು" ಅಂದರು ಮಾಸ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ನನಗ್ಯಾಕೆ ಬರಲಿಲ್ಲ ಡಾಕ್ಟ್ರಮ್ಮಾ?"

"ನೀವು ಅದನ್ನ ಮುಟ್ಟಿಲ್ಲ ಮಾಸ್ಟ್ರೇ, ಅಷ್ಟೇ."

ಹೌದು. ಅವಳು ಹೋದ ಮೇಲೆ ಅವರು ದಿಂಬನ್ನು ದಿನಾ ಸವರಿದ್ದರು. ಬೆಕ್ಕನ್ನು ಒಂದು ದಿನವೂ ಸವರಿರಲಿಲ್ಲ.

"ಮೊದಲು ಯಾರಾದ್ರೂ ಇದನ್ನ ಬಾಚ್ತಿದ್ರಾ? ವಯಸ್ಸಾದ ಬೆಕ್ಕು, ದಪ್ಪ ಬೇರೆ. ಸೊಂಟ ಬಗ್ಗಲ್ಲ, ಬೆನ್ನಿಗೆ ನಾಲಿಗೆ ಎಟುಕಲ್ಲ. ಯಾರೋ ದಿನಾ ಬಾಚ್ತಿದ್ದಿದ್ರೆ ಅವರ ಕೈಯೇ ಇದನ್ನ ಕಾಯ್ತಿತ್ತು."

"ಗುಂಡಿ ಕೆಲಸ ಮುಗಿಸಿ ದಿನಾ ಸಂಜೆ ಬಾಚ್ತಿದ್ಲು" ಅಂದರು ಮಾಸ್ಟರು.

ಡಾಕ್ಟ್ರಮ್ಮ ಬೆಕ್ಕನ್ನು ತೂಗಿ, ತೂಕಕ್ಕೆ ತಕ್ಕ ಔಷಧದ ಹನಿಯನ್ನು ಕತ್ತಿನ ಹಿಂದೆ, ನಾಲಿಗೆ ಎಟುಕದ ಕಡೆ ಹಾಕಿದರು. ಮತ್ತೆ ಯಾವಾಗ ಹಾಕಿಸಬೇಕೆಂದು ಹೇಳಿದರು. ದಿಂಬು, ಹೊದಿಕೆ ಎಲ್ಲವನ್ನೂ ಬಿಸಿನೀರಲ್ಲಿ ಒಗೆಸಿದರು. ಒಣ ತಿಂಡಿಯ ಜೊತೆ ಮೆತ್ತನೆಯ ತೇವದ ಊಟವನ್ನೂ ಕೊಡಿ, ನೀರಿನ ಬಟ್ಟಲು ತುಂಬಿರಲಿ, ಪದೇ ಪದೇ ಸ್ನಾನ ಬೇಡ, ಚರ್ಮ ಇನ್ನೂ ಒಣಗುತ್ತೆ ಅಂದರು. ಗುಳ್ಳೆ ಇಳಿಯದಿದ್ದರೆ ನಿಮ್ಮ ಡಾಕ್ಟರಿಗೆ ತೋರಿಸಿ ಅಂತ ಅಕ್ಕನಿಗೂ ಹೇಳಿದರು.

ಕೆಲವು ವಾರ ಕಳೆದವು. ಗುಳ್ಳೆ ಮಾಯವಾದವು. ದಿಂಬಿನ ಮೇಲೆ ಬಿಳಿ ಬೀಳುವುದು ನಿಂತಿತು. ಆದರೂ ಅಕ್ಕ ದಿನಾ ಬಂದು ಇಣುಕುತ್ತಿದ್ದಳು.

"ಇವತ್ತೂ ಏನೂ ಇಲ್ವೇನೋ?"

"ಏನೂ ಇಲ್ಲ ಅಕ್ಕ."

"ಒಳ್ಳೇದಾಯ್ತು ಬಿಡು" ಅಂದಳು, ಏನೋ ಕಳೆದುಕೊಂಡವಳ ದನಿಯಲ್ಲಿ. ಆಮೇಲೆ ತಾನೇ ಆ ಸ್ಟೂಲಿನ ಮೇಲೆ ಕೂತು, ಎಲ್ಲರೆದುರೇ ಮಸಿಯನ್ನು ತೊಡೆಗೆ ಎತ್ತಿಕೊಂಡಳು. ಮಾಸ್ಟರು ಬಾಚಣಿಗೆ ತಂದರು. ಅದು ಇನ್ನೂ ಬೆನ್ನು ಮುಟ್ಟಿರಲಿಲ್ಲ. ಮಸಿ ತಲೆ ಎತ್ತಿ ಇಬ್ಬರ ಹೆಗಲಾಚೆ ಎಲ್ಲೋ ನೋಡಿತು. ಕಣ್ಣು ಅರೆಮುಚ್ಚಿ ಗುರ್ ಗುರ್ ಅನ್ನತೊಡಗಿತು.

ಅಕ್ಕ-ತಮ್ಮ ಇಬ್ಬರೂ ತಿರುಗಿ ನೋಡಲಿಲ್ಲ. ಮಾಸ್ಟರು ಬಾಚತೊಡಗಿದರು.

ಓದುವ ಅಣ್ಣ ಅಕ್ಕಂದಿರೇ, ನಿಮ್ಮ ಮನೆಯ ಬೆಕ್ಕಿನ ಬೆನ್ನಿನಲ್ಲೂ ಬಿಳಿ ಹೊಟ್ಟು ಇದೆಯೇ? ಒಂದು ಕರಿ ಬಟ್ಟೆ ಹಾಸಿ, ಬಾಚಿ, ಬೆಳಕಿನಲ್ಲಿ ನೋಡಿ. ಹೊಟ್ಟೆಲ್ಲ ನುಸಿಯೇ ಅಲ್ಲ. ಚಿಗಟ, ಹುಳುಕಡ್ಡಿ, ಒಣ ಹವೆ, ಸಾರವಿಲ್ಲದ ಊಟ, ಮುಪ್ಪು, ಒಳಗಿನ ಕಾಯಿಲೆ ಯಾವುದೂ ಇರಬಹುದು. ಉದುರಿದ್ದನ್ನು ಅಂಟುಟೇಪಿಗೆ ಹಿಡಿದು, ಬೆಕ್ಕಿನ ಜೊತೆಗೇ ಪ್ರಾಣಿ ಡಾಕ್ಟರ ಹತ್ತಿರ ಒಯ್ಯಿರಿ. ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಅವನ್ನೂ ತೋರಿಸಿ. ಫಿನೈಲು, ಸೀಮೆಎಣ್ಣೆ, ನಿಮ್ಮ ಶಾಂಪೂ ಬೇಡ. ನಾಯಿಗೆ ಹಾಕುವ ಚಿಗಟದ ಔಷಧವಂತೂ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ. ಇವತ್ತು ಸಂಜೆಯೇ ಒಂದು ಬಾಚಣಿಗೆ ಹಿಡಿದು ಕೂರಿ. ಹೋದವರ ದಿಂಬು ಕೊಡವಿದ್ದು ಸಾಕು, ಅವರು ಬಿಟ್ಟುಹೋದ ಜೀವದ ಬೆನ್ನು ಸವರಿ.