ಯಾರನ್ನು ಎಬ್ಬಿಸಬೇಕು

ಭಾನುವಾರ ಬೆಳಿಗ್ಗೆ, ಅವಳು ಒಗೆದ ಬಟ್ಟೆ ಮಡಚುತ್ತಿದ್ದಾಗ ಗಂಡ ಬಾಗಿಲ ಹತ್ತಿರ ನಿಂತು ಹೇಳಿದ:

"ನಾನು ಬೇರೆ ರೂಮು ನೋಡಿದೀನಿ. ಬರೋ ವಾರ ಹೋಗ್ತೀನಿ."

ಅವಳ ಕೈಯಲ್ಲಿ ಅವನದೇ ಅಂಗಿ ಇತ್ತು. "ಬೇರೆ ಯಾರಾದ್ರೂ ಇದಾರಾ?"

"ಯಾರೂ ಇಲ್ಲ. ನಿನ್ನ ಜೊತೆ ಇದ್ರೂ ಒಬ್ನೇ ಇದ್ದ ಹಾಗೆ ಅನ್ಸುತ್ತೆ ಕಣೆ. ನೀನು ಮನೇಲಿದೀಯೋ ಇಲ್ವೋ, ಗೊತ್ತೇ ಆಗಲ್ಲ."

ಅವಳು ಕಾಲರ್ ಸರಿಮಾಡಿ ಅಂಗಿ ಮಡಚಿಟ್ಟಳು.

"ತಮ್ಮನಿಗೆ ಈಗಲೇ ಹೇಳೋದು ಬೇಡ. ಇವತ್ತಿನ ಆಟ ಮುಗೀಲಿ," ಎಂದ.

ಪ್ರತಿ ಭಾನುವಾರ ಮಧ್ಯಾಹ್ನ ಟೈಲರ್ ಮಾಮನ ಅಂಗಡಿಯಲ್ಲಿ ಶಟರ್ ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ನಾಲ್ವರು ಕೂರುತ್ತಿದ್ದರು. ಮಾಮ ಕಥೆ ಹೇಳುತ್ತಿದ್ದ. ಕಾಡು, ಕೋಟೆ, ರಾಕ್ಷಸರೆಲ್ಲ ಅವನ ಬಾಯಲ್ಲೇ ಹುಟ್ಟುತ್ತಿದ್ದರು. ಉಳಿದ ಮೂವರು ಆ ಕಥೆಯೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸಬೇಕು. ಲಿಫ್ಟ್ ರಿಪೇರಿ ಮಾಡುವ ಗಂಡ ಕತ್ತಿ ಹಿಡಿದ ವೀರ. ಬಸ್ ಓಡಿಸುವ ಮೈದುನ ಬಿಲ್ಲುಗಾರ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಗಾಯ ವಾಸಿಮಾಡುವ ಸನ್ಯಾಸಿನಿ.

ಆ ಪಾತ್ರ ಬೇರೆ ಯಾರಿಗೂ ಬೇಡವಾಗಿದ್ದರಿಂದ ಅವಳ ಪಾಲಿಗೆ ಬಂದಿತ್ತು. ಮೊದಮೊದಲು ಯಾರಿಗೆ ಗೀರು ಬಿದ್ದರೂ ಮಂತ್ರ ಹಾಕಿ, ಇದ್ದ ನಾಲ್ಕಾರು ಮಂತ್ರವೂ ಮುಗಿದು ಕೊನೆಗೆ ಬರಿಗೈಯಲ್ಲಿ ನಿಲ್ಲುತ್ತಿದ್ದಳು.

"ತರಚಿದ್ದಕ್ಕೆಲ್ಲ ಮುಲಾಮು ಹಚ್ಚಬೇಡಮ್ಮ," ಎಂದಿದ್ದ ಮಾಮ. "ಯಾರನ್ನ ಯಾವಾಗ ಎಬ್ಬಿಸಬೇಕು ಅಂತ ನೋಡು."

ಅವಳು ನೋಡಲು ಕಲಿತಳು. ಕಾಳಗ ಶುರುವಾಗುವ ಮೊದಲೇ ಇಬ್ಬರಿಗೂ ರಕ್ಷೆ ಹಾಕುತ್ತಿದ್ದಳು. ಇಬ್ಬರನ್ನೂ ಮುಟ್ಟಬಹುದಾದ ಜಾಗದಲ್ಲೇ ನಿಲ್ಲುತ್ತಿದ್ದಳು. ಮುಂದಿನ ಸರದಿ ಯಾರದು ಎಂಬುದು ಸದಾ ತಲೆಯಲ್ಲಿರುತ್ತಿತ್ತು. ಗಂಡ ರಾಕ್ಷಸನನ್ನು ಕೆಡವಿ ಮೇಜು ಕುಟ್ಟಿ ಕುಣಿಯುವಾಗ, ಆ ಏಟಿಗೆ ಬಲ ತುಂಬಿದ್ದು ತನ್ನ ಮಂತ್ರ ಎಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಅವನ ಖುಷಿ ನೋಡಿಯೇ ಹೊಟ್ಟೆ ತುಂಬುತ್ತಿತ್ತು.

ಆ ಮಧ್ಯಾಹ್ನವೂ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋದರು. ಹಿಂದೆ ಕೂತವಳಿಗೆ ಕೈ ಎಲ್ಲಿಡಬೇಕೋ ತೋಚಲಿಲ್ಲ. ಕೊನೆಗೆ ಸೀಟಿನ ಕಂಬಿ ಹಿಡಿದಳು.

ಕಥೆಯಲ್ಲಿ ಮೂವರೂ ಒಂದು ಸೇತುವೆಯ ಮೇಲೆ ಕಲ್ಲಿನ ದೈತ್ಯನಿಗೆ ಸಿಕ್ಕಿಬಿದ್ದಿದ್ದರು. ವೀರ ಉರುಳಿದ. ಬಿಲ್ಲುಗಾರನೂ ಉರುಳಿದ. ಸನ್ಯಾಸಿನಿಯ ಬಳಿ ಒಂದೇ ಒಂದು ಮಂತ್ರ ಉಳಿದಿತ್ತು.

"ಯಾರನ್ನ ಎಬ್ಬಿಸ್ತೀಯ ತಾಯಿ?" ಮಾಮ ಕೇಳಿದ.

ಗಂಡ ಆಗಲೇ ದಾಳಕ್ಕೆ ಕೈ ಚಾಚಿದ್ದ.

ಅವಳು ಲೆಕ್ಕ ಹಾಕಿದಳು. ತನ್ನ ನಂತರ ಬಿಲ್ಲುಗಾರನ ಸರದಿ, ಆಮೇಲೆ ದೈತ್ಯ, ವೀರ ಕಡೆಗೆ. ವೀರನನ್ನು ಎಬ್ಬಿಸಿದರೆ ಕತ್ತಿ ಎತ್ತುವ ಮೊದಲೇ ದೈತ್ಯ ಮತ್ತೆ ಮಲಗಿಸುತ್ತಾನೆ. ಬಿಲ್ಲುಗಾರ ಎದ್ದರೆ ಒಂದು ಬಾಣವಾದರೂ ಹೋಗುತ್ತದೆ. ಬಿದ್ದವನು ತನ್ನ ಸರದಿ ಬಂದಾಗ ದಾಳ ಉರುಳಿಸಬೇಕು; ಒಂದು ಬಿದ್ದರೆ ಮಾತ್ರ ಪ್ರಾಣ ಹೋಗುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ ಒಂದು ಬೀಳುವುದು ಅಪರೂಪ.

"ಬಿಲ್ಲುಗಾರನನ್ನ," ಎಂದಳು.

ಮೈದುನನ ಬಾಣ ದೈತ್ಯನ ಎದೆ ಸೀಳಿತು. ದೈತ್ಯ ನದಿಗೆ ಬಿದ್ದ. "ಅತ್ತಿಗೇ!" ಎಂದು ಮೈದುನ ಕೂಗಿದ.

ಗಂಡ ದಾಳ ಉರುಳಿಸಿದ. ಒಂದು ಬಿತ್ತು.

ವೀರನ ಪ್ರಾಣ ಹೋಯಿತು. ಅವಳು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಡ ನಕ್ಕ. "ಬೆಳಗಿನ ಸಿಟ್ಟನ್ನ ಇಲ್ಲಿ ತೀರಿಸ್ಕೊಂಡ್ಯಾ?"

"ಏನು ಸಿಟ್ಟು, ಅಣ್ಣಾ?" ಎಂದ ಮೈದುನ.

ಹೀಗೆ ವಿಷಯ ಹೊರಬಿತ್ತು. ಗಂಡನೇ ಎರಡು ಮಾತಿನಲ್ಲಿ ಹೇಳಿ ಮುಗಿಸಿದ. ಮಾಮ ದಾರದ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತ ತಲೆ ತಗ್ಗಿಸಿದ.

"ನಿಮ್ಮನ್ನ ಎಬ್ಬಿಸಿದ್ರೆ ಮೂರೂ ಜನ ಹೋಗ್ತಿದ್ವಿ ರೀ," ಎಂದಳು ಅವಳು. "ಸರದಿ ನೋಡಿ ಬೇಕಾದ್ರೆ."

"ಇರ್ಲಿ ಬಿಡು. ಆಟ ತಾನೆ," ಎಂದು ಅವನು ಸ್ಕೂಟರಿನ ಕೀ ತಗೊಂಡು ಹೊರಟ.

ಹೋಗುತ್ತಾನೆ ಎಂಬುದನ್ನು ಬೆಳಗಿನಿಂದ ಹೇಗೋ ಹೊತ್ತುಕೊಂಡಿದ್ದಳು. ಆದರೆ ಸೇಡು ತೀರಿಸಿಕೊಳ್ಳುವವಳು ಎಂದುಕೊಂಡನಲ್ಲ! ಇಷ್ಟು ವರ್ಷ ಪಕ್ಕದಲ್ಲಿ ಕೂತು ಆಡಿದವನು ಅವಳು ಹೇಗೆ ಆಡುತ್ತಾಳೆ ಅಂತ ಒಮ್ಮೆಯೂ ನೋಡಿರಲಿಲ್ಲ. ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮಾಮ ಎದ್ದು ಶಟರ್ ಪೂರ್ತಿ ಇಳಿಸಿದ, ಬೀದಿಗೆ ಕಾಣದಿರಲೆಂದು.

ಗಂಡ ಹೇಳಿದ ವಾರವೇ ಹೋದ. ಅವನ ಕಪಾಟು ಸಾಗಿಸಲು ಮೈದುನ ಬಂದಿದ್ದ. ಗಾಡಿಗೆ ಹಗ್ಗ ಕಟ್ಟಿ ಮುಗಿಸಿದವನು ಮತ್ತೆ ಮೆಟ್ಟಿಲು ಹತ್ತಿ ಬಂದ.

"ಭಾನುವಾರ ಬರ್ತೀರಲ್ವಾ?"

"ಮುಂದೆ ನಿಲ್ಲೋರೇ ಇಲ್ವಲ್ಲೋ."

"ನಾನು ನಿಲ್ತೀನಿ. ನೀವು ಹಿಂದೆ ಇದ್ರೆ ಧೈರ್ಯ." ಅವನು ಚಪ್ಪಲಿಯಿಂದ ನೆಲ ಕೆರೆದ. "ಇನ್ನು ಮೇಲೆ ನಿಮ್ಮನ್ನ ಏನಂತ ಕರೀಲಿ?"

"ಬಾಯಿಗೆ ಏನು ಬರುತ್ತೋ ಅದೇ ಕರಿ."

ಅವನು ಬಾಯಿ ತೆರೆದ. ಅತ್ತಿಗೆ ಅನ್ನುವುದು ಬಿಟ್ಟು ಬೇರೇನೂ ಬರಲಿಲ್ಲ. ಅಷ್ಟರಲ್ಲಿ ಅವನಿಗೂ ಅಳು ಬಂದುಬಿಟ್ಟಿತು.