ಹಗೇವಿನ ಮೇಲಿನ ದನಿ

"ಎತ್ತಬ್ಯಾಡ್ರಿ! ಇನ್ನೂ ಬಡೀತೈತಿ!"

ಹೆಣದ ಕಂಕುಳಿಗೆ ಕೈ ಹಾಕಿದ್ದ ಕಾಶಿನಾಥ ಬೆಚ್ಚಿ ಕೈ ಬಿಟ್ಟ. ಗೋಡೆಗೆ ಆನಿಸಿ ಕೂರಿಸಿದ್ದ ವಿರುಪಣ್ಣನ ತಲೆ ಒಂದಿಷ್ಟು ವಾಲಿತು. ಅಷ್ಟಕ್ಕೇ ಇಬ್ಬರು ಹೆಂಗಸರು ಎದ್ದು ಬಾಗಿಲಿಗೆ ಓಡಿದರು. ಕೂಗಿದವಳು ಹೆಣದ ಮಗ್ಗುಲಲ್ಲೇ ಕೂತಿದ್ದ ಹೆಂಡತಿ ಮಾಳವ್ವ. ಬಲಗೈಯನ್ನು ಪರಸಿ ಕಲ್ಲಿನ ನೆಲಕ್ಕೆ ಒತ್ತಿ ಹಿಡಿದಿದ್ದಳು. ನಿನ್ನೆ ಸಂಜೆಯಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಗಂಡ ಮೋಟಾರು ನೋಡಿಕೊಂಡ, ಹೆಂಡತಿ ಯಂತ್ರದ ಬಾಯಿಗೆ ಭತ್ತ ಸುರಿದಳು. ಆ ಗದ್ದಲ ಅವನಿಗೇನೂ ಮಾಡಲಿಲ್ಲ, ಅವಳ ಎರಡೂ ಕಿವಿ ತಿಂದು ಹಾಕಿತು. ಹಾಳಾದ್ದು, ಇದಕ್ಕೆ ನ್ಯಾಯ ಅನ್ನುತ್ತಾರೆಯೇ? ಕೆಲಸ ಬಿಟ್ಟ ಮೇಲೆ ಇಬ್ಬರೂ ಹಿಟ್ನಾಳದ ಈ ಮನೆಗೆ ಬಂದು ಸೇರಿಕೊಂಡಿದ್ದರು.

ಮಗಳು ನೇತ್ರಾವತಿ ತನ್ನ ತುಟಿ ಕಾಣುವಂತೆ ಅವ್ವನ ಎದುರು ಕೂತಳು.

"ಯವ್ವಾ, ಅಪ್ಪ ಹೋಗ್ಯಾನ. ಹೊತ್ತು ಮುಳುಗೂದ್ರಾಗ ಮಣ್ಣ ಮಾಡಬೇಕು."

"ನೆಲಾ ಮುಟ್ಟಿ ನೋಡು. ನಿಂತ ಮ್ಯಾಲೆ ಒಯ್ರಿ. ಅಲ್ಲೀಮಟ ಯಾರರೆ ಕೈ ಹಚ್ಚಿದ್ರ ನೋಡ್ರಿ ಮತ್ತ!"

ನೇತ್ರಾವತಿ ಮುಟ್ಟಿದಳು. ದುಂ. ಒಂದಿಷ್ಟು ತಡೆದು, ದುಂ.

"ಹಲಗಿ ನಿಲ್ಸಾಕ ಹೇಳ್ರಿ," ಎಂದಳು. ಹೊರಗೆ ಹಲಗೆಯ ಬಡಿತ ನಿಂತಿತು. ನೆಲ ನಿಲ್ಲಲಿಲ್ಲ.

"ಕಾಕಾ, ಪದಾ ಕೇಳೋ ಊಫರ್ ಡಬ್ಬಿ ಹಚ್ಚೇತೇನು?"

"ಮುಂಜಾನೇನ ನಾನ ವೈರ್ ಕಿತ್ತೀನವ್ವಾ," ಎಂದ ಕಾಶಿನಾಥ. ಸತ್ತವನ ಗೆಳೆಯ ಅವನು, ಮುಖವೆಲ್ಲ ಬೆವೆತಿತ್ತು. "ಇದ್ಯಾಕೋ ಛಲೋ ಅಲ್ಲ."

* * *

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ನೇತ್ರಾವತಿ ತವರಿಗೆ ಬಂದಾಗ ಅಪ್ಪ ಕೂಸಿನ ಹಾಗೆ ಅಂಬೆಗಾಲಿಟ್ಟು ಗೋಡೆಗುಂಟ ಹರಿದಾಡುತ್ತಿದ್ದ. ಅವ್ವ ಕೂರುವ ಜಾಗದಲ್ಲಿ ಒಂದು ಕರಿಯ ಸಬ್‌ವೂಫರ್ ಡಬ್ಬಿ ಕೂತು, ಡೊಳ್ಳಿನ ಪದದ ದಪ್ಪ ದನಿಯನ್ನಷ್ಟೇ ಹೊರಡಿಸುತ್ತಿತ್ತು.

"ಅಪ್ಪಾ, ಹುಚ್ಚು ಗಿಚ್ಚು ಹಿಡಿದೈತೇನು?"

"ಸುಮ್ಕಿರು. ಡಬ್ಬಿ ಅಕಿ ಜಾಗಾದಾಗಿಟ್ಟು, ಮನ್ಯಾಗ ಎಲ್ಲಿ ಜೋರ ಬಡೀತೈತಿ ಹುಡುಕಬೇಕು. ಆಮ್ಯಾಲೆ ಡಬ್ಬಿ ಅಲ್ಲಿಟ್ರ ಅಕಿ ಜಾಗಾದಾಗ ಅಷ್ಟ ಜೋರ ಬಡೀತೈತಿ. ಅದಲು ಬದಲು, ತಿಳೀತಿಲ್ಲೋ?"

ಆ ನೆಲದಡಿ ಅಜ್ಜನ ಕಾಲದ ಹಗೇವು ಇತ್ತು. ಜೋಳ ತುಂಬುತ್ತಿದ್ದ ಗುಂಡಿ ಈಗ ಬರಿದು. ಮೇಲೆ ಏನು ಬಡಿದರೂ ಒಳಗೆ ಗುಂಯ್ಯೆನ್ನುತ್ತಿತ್ತು. ಅಡುಗೆಮನೆ ಬಾಗಿಲ ಮೂಲೆಯಲ್ಲಿ ಬಡಿತ ಜೋರು ಸಿಕ್ಕಿತು. ಡಬ್ಬಿ ಅಲ್ಲಿಗೆ ಹೋಯಿತು. ಆದರೆ ಗೋಡೆಯ ಎರಡು ಸ್ಪೀಕರಿಗೂ ಅದಕ್ಕೂ ಹೊಂದಲೇ ಇಲ್ಲ. ಅವು ದೂಡಿದರೆ ಇದು ಜಗ್ಗುತ್ತಿತ್ತು, ನಡುವೆ ದನಿಯೇ ಸಾಯುತ್ತಿತ್ತು. ಅಪ್ಪ ಮೂರು ದಿನ ಡಬ್ಬಿಯ ಹಿಂದಿನ ಬಟನ್ನು ತಿರುವಿದ್ದೇ ತಿರುವಿದ್ದು.

"ನನ್ನ ಕಿವಿಗೆ ಬಿದ್ದ ಗಳಿಗ್ಯಾಗ ಅಕಿ ಅಂಗೈಗೆ ಬೀಳಬೇಕು. ಹಿಂದ ಮುಂದ ಆದ್ರ ಇಬ್ಬರೂ ಬ್ಯಾರೆ ಬ್ಯಾರೆ ಹಾಡು ಕೇಳಿದಂಗ ನೋಡು."

ಮೂರನೆಯ ದಿನ, ನೆಲಕ್ಕೆ ಅಂಗೈ ಊರಿ ಕೂತಿದ್ದ ಅವ್ವ ಕಣ್ಣು ಮುಚ್ಚಿ "ಬಂತು" ಎಂದಳು. ಅಪ್ಪ ಅತ್ತೇಬಿಟ್ಟ.

ಅಂದಿನಿಂದ ದಿನಾ ಸಂಜೆ ಇಬ್ಬರೂ ಮಗ್ಗುಲು ಮಗ್ಗುಲಲ್ಲಿ ಕೂತು ಪದ ಕೇಳುತ್ತಿದ್ದರು. ನಿನ್ನೆಯೂ ಹಾಗೇ ಕೂತಿದ್ದರು. ಪದದ ನಡುವೆಯೇ ಅವನ ಉಸಿರು ನಿಂತಿತ್ತು. ಅಂಗೈಯಡಿ ನೆಲ ಬಡಿಯುತ್ತಲೇ ಇದ್ದುದರಿಂದ ಮಾಳವ್ವನಿಗೆ ಗೊತ್ತೇ ಆಗಲಿಲ್ಲ.

* * *

ನೇತ್ರಾವತಿ ಅಪ್ಪನ ಹಾಗೆಯೇ ಮೊಣಕಾಲೂರಿ ನೆಲ ಮುಟ್ಟುತ್ತ ಹೊರಟಳು. ಹೆಂಗಸರು ಸೆರಗು ಎಳೆದುಕೊಂಡು ದಾರಿ ಬಿಟ್ಟರು. ತಲಬಾಗಿಲ ಹತ್ತಿರ ಬಡಿತ ಸಣ್ಣದಾಯಿತು. ಅಡುಗೆಮನೆ ಬಾಗಿಲ ಮೂಲೆಗೆ ಬಂದಾಗ ಅಂಗೈ ಗುದ್ದಿದಂತಾಯಿತು. ಡಬ್ಬಿಯ ಬಾಯಿಗೆ ಕೈಯಿಟ್ಟಳು. ತಣ್ಣಗಿತ್ತು, ಅಲುಗುತ್ತಿರಲಿಲ್ಲ. ಕಿತ್ತ ವೈರು ಅದರ ಮೇಲೇ ಸುತ್ತಿಟ್ಟಿತ್ತು.

ಆಗ ಅಪ್ಪನ ಅದಲು ಬದಲಿನ ಮಾತು ನೆನಪಾಯಿತು. ಇಲ್ಲಿ ಇಷ್ಟು ಜೋರಾಗಿದ್ದರೆ, ಬಡಿಯುತ್ತಿರುವುದು ಅವ್ವ ಕೂರುವ ಜಾಗದಲ್ಲಿ. ಅಲ್ಲಿ ಅಪ್ಪನೂ ಕೂತಿದ್ದ.

ಅಪ್ಪನ ಮಡಿಚಿದ ಕಾಲುಗಳ ಕಡೆ ಕಣ್ಣು ಹಾಯಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. ಆದರೂ ನೋಡಿದಳು. ಅವು ಅಲುಗುತ್ತಿರಲಿಲ್ಲ. ಅಲುಗುತ್ತಿದ್ದುದು ಅವ್ವನ ಸೀರೆಯ ನೆರಿಗೆ.

ಹತ್ತಿರ ಹೋಗಿ ಒಳಗೆ ಕೈ ಹಾಕಿದಳು. ಅವ್ವನ ಹಿಮ್ಮಡಿ ತಾನಾಗಿಯೇ ಏಳುತ್ತ ಬೀಳುತ್ತ ಇತ್ತು, ಅದೇ ಡೊಳ್ಳಿನ ಪದದ ಲಯಕ್ಕೆ. ಅವ್ವನ ಮುಖದಲ್ಲಿ ಅದರ ಸುಳಿವೇ ಇರಲಿಲ್ಲ. ಅವಳು ಮಗಳ ತುಟಿಯನ್ನೇ ನೋಡುತ್ತಿದ್ದಳು.

"ಏನಂತ? ಅದಾನಿಲ್ಲೋ?"

ಬಡಿಯುತ್ತಿರುವವಳು ನೀನೇ ಎನ್ನಲು ನೇತ್ರಾವತಿಗೆ ಬಾಯಿ ಬರಲಿಲ್ಲ. ಬಿಸಿಲು ಆಗಲೇ ಹೊಸ್ತಿಲಿನಿಂದ ಇಳಿದಿತ್ತು. ಅವಳು ತನ್ನ ಅಂಗೈಯನ್ನು ಆ ಹಿಮ್ಮಡಿಗೂ ಕಲ್ಲಿಗೂ ನಡುವೆ ತೂರಿಸಿದಳು.

ನೆಲ ಸುಮ್ಮನಾಯಿತು.

ಮಾಳವ್ವ ಕಲ್ಲಿನ ಮೇಲೆ ಅಂಗೈಯನ್ನು ಆಚೆ ಸರಿಸಿದಳು, ಈಚೆ ಸರಿಸಿದಳು. ಆಮೇಲೆ ಎತ್ತಿ ಗಂಡನ ಮೊಣಕಾಲ ಮೇಲಿಟ್ಟಳು.

"ನಿಂತತಿ," ಎಂದಳು. "ಒಯ್ರಿ."

ಅಂದವಳೇ ಎದೆ ಒಡೆದು ಅತ್ತಳು. ಗಂಡಸರು ವಿರುಪಣ್ಣನನ್ನು ಹೊಸ್ತಿಲು ದಾಟಿಸಿದರು. ಹಲಗೆ ಮತ್ತೆ ಎದ್ದಿತು, ಓಣಿ ತಿರುಗಿತು, ದೂರವಾಯಿತು. ನೇತ್ರಾವತಿ ಏಳಲಿಲ್ಲ. ಅವ್ವನ ಸೀರೆಯ ನೆರಿಗೆಯೊಳಗೆ, ಅವಳ ಅಂಗೈ ಮೇಲೆ, ಆ ಹಿಮ್ಮಡಿ ಇನ್ನೂ ಬಡಿಯುತ್ತಲೇ ಇತ್ತು.